ಕುತ್ತಿಗೆಯ ಕ್ಷ-ಕಿರಣ ಚಿತ್ರಣದಲ್ಲಿ ರೋಗಿಯ ಭಂಗಿ ಮತ್ತು ಯಂತ್ರದ ನಿಲುವು

ಪೀಠಿಕೆ

ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ನನು 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಮೊದಲು ಕಂಡನು. 1901ರಲ್ಲಿ ಭೌತವಿಜ್ಞಾನದ ಪ್ರಥಮ ನೊಬೆಲ್ ಪಾರಿತೋಷಕವು ಅವನಿಗೇ ಸಂದಿತು. ಅಂದಿನಿಂದ ಇಂದಿನವರೆಗೆ ಈ ಕಿರಣಗಳ ಉತ್ಪಾದನೆಯಲ್ಲಿಯೂ ಗ್ರಹಣದಲ್ಲಿಯೂ ಎಷ್ಟೋ ಸುಧಾರಣೆಗಳಾಗಿವೆ. ಗಾಜಿನ ಫಲಕದ ಸ್ಥಾನದಲ್ಲಿ ಫಿಲ್ಮು ಬಂದಿತು. ಫಿಲ್ಮಿನ ಸ್ಥಾನವನ್ನು ಈಗ ಅಂಕೀಯ ಫಲಕಗಳು ಆಕ್ರಮಿಸಿವೆ. ಆದರೆ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಕಿರಣವು ಹೊರಡುವ ಬಿಂದು, ನಡುವೆ ನಿಂತ ದೇಹ, ಹಿಂದಿರುವ ಫಲಕ ಇವು ಮೂರೂ ಪರಸ್ಪರ ಹೇಗೆ ನೆಲೆಗೊಂಡಿವೆ ಎಂಬುದೇ ಚಿತ್ರದ ಸತ್ಯಾಸತ್ಯವನ್ನು ನಿರ್ಣಯಿಸುತ್ತದೆ. ಇದು ವೈದ್ಯಕ್ಕೆ ಎಷ್ಟು ಸಂಬಂಧಿಸಿದ್ದೋ ರೇಖಾಗಣಿತಕ್ಕೂ ಅಷ್ಟೇ ಸಂಬಂಧಿಸಿದ್ದು. ಆದಕಾರಣ ಈ ಪುಟಗಳಲ್ಲಿ ಇದರ ವಿವೇಚನೆ ಅಸಂಗತವೆನಿಸಲಾರದು.

ದೇಹದ ಎಲ್ಲ ಭಾಗಗಳಿಗೂ ಈ ಮಾತು ಅನ್ವಯಿಸುತ್ತದೆಯಾದರೂ ನಾವಿಲ್ಲಿ ಕುತ್ತಿಗೆಯೊಂದನ್ನೇ ಆರಿಸಿಕೊಂಡಿದ್ದೇವೆ. ಹಾಸನ ಜಿಲ್ಲೆಯ ಸನ್ನಿವೇಶವನ್ನು ಕಣ್ಣಮುಂದೆ ಇಟ್ಟುಕೊಂಡಿದ್ದೇವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕು ಕೇಂದ್ರಗಳೂ ಹಾಸನದಿಂದ ಸುಮಾರು 30ರಿಂದ 40 ಕಿಲೋಮೀಟರುಗಳ ಅಂತರದಲ್ಲಿವೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯು ಚನ್ನರಾಯಪಟ್ಟಣ ಮತ್ತು ಹಾಸನಗಳನ್ನು ಹಾಯ್ದು ಹೋಗುತ್ತದೆ. ಮೈಸೂರಿನ ಹಾದಿಯಲ್ಲಿ ಹೊಳೆನರಸೀಪುರವಿದೆ. ಹೇಮಾವತಿ ಕಾವೇರಿಗಳೆರಡರ ನೀರನ್ನೂ ಕಂಡ ಬೇಸಾಯದ ನಾಡು ಅರಕಲಗೂಡು. ವಾಹನಗಳ ಡಿಕ್ಕಿ, ತೆಂಗಿನ ಮರದಿಂದ ಬೀಳುವುದು, ತಲೆಯ ಮೇಲೆ ಹೊರೆ ಹೊತ್ತು ಕಾಲು ಜಾರುವುದು ಮುಂತಾದವು ಕುತ್ತಿಗೆಗೆ ಪೆಟ್ಟು ತರತಕ್ಕ ಕಾರಣಗಳು. ವಯೋಧರ್ಮದಿಂದ ಬರುವ ಸವೆತವಂತೂ ಎಲ್ಲೆಡೆಯೂ ಇದ್ದದ್ದೇ. ಇಂಥ ರೋಗಿಯ ಮೊದಲ ಚಿತ್ರವನ್ನು ತಾಲ್ಲೂಕು ಕೇಂದ್ರದಲ್ಲಿ ತೆಗೆದು, ಮುಂದಿನ ಚಿಕಿತ್ಸೆಗಾಗಿ ಅವನನ್ನು ಹಾಸನಕ್ಕೆ ಕಳುಹಿಸಬೇಕಾಗಬಹುದು. 2006ರಲ್ಲಿ ಸ್ಥಾಪಿತವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೂ ಅಲ್ಲಿವೆ. ಮೊದಲ ಚಿತ್ರವು ಸರಿಯಾಗಿದ್ದರೆ ಈ ಪ್ರಯಾಣದ ಅಗತ್ಯವೇನು, ಅದನ್ನು ಎಷ್ಟು ಎಚ್ಚರದಿಂದ ಮಾಡಬೇಕು ಎಂಬುದು ತಿಳಿಯುತ್ತದೆ. ಅದು ಅಪೂರ್ಣವಾಗಿದ್ದರೆ, ಮತ್ತು ಅಪೂರ್ಣವೆಂಬುದು ಯಾರ ಗಮನಕ್ಕೂ ಬಾರದಿದ್ದರೆ, ಮುರಿದ ಮೂಳೆಯುಳ್ಳವನನ್ನು ನೆಟ್ಟಗಿರುವವನೆಂದು ಭಾವಿಸಿ ನಡೆಸಿಬಿಡುವ ಅಪಾಯವುಂಟು.

ಚಿತ್ರದಲ್ಲಿ ಕಾಣದಿರುವುದನ್ನು ದೇಹದಲ್ಲಿ ಇಲ್ಲವೆಂದು ತಿಳಿಯಬಾರದು. ಕಾಣಬೇಕಾದದ್ದು ಕಾಣುವಂತೆ ರೋಗಿಯನ್ನೂ ಯಂತ್ರವನ್ನೂ ನಿಲ್ಲಿಸುವುದೇ ರೋಗನಿದಾನದ ಮೊದಲ ಅರ್ಧ. ಈ ಲೇಖನದಲ್ಲಿ ನಾವು ಪ್ರತಿಪಾದಿಸಲಿರುವುದು ಇದೊಂದೇ.

ಕುತ್ತಿಗೆಯ ರಚನೆ

ಕುತ್ತಿಗೆಯಲ್ಲಿ ಏಳು ಕಶೇರುಗಳಿವೆ. ಮೊದಲನೆಯದು ಉಂಗುರದ ಆಕಾರದ್ದು. ತಲೆಬುರುಡೆಯು ಇದರ ಮೇಲೆ ಕುಳಿತಿರುತ್ತದೆ. ಎರಡನೆಯದರಿಂದ ಹಲ್ಲಿನಂಥ ಒಂದು ಚಾಚಿಕೆ ಮೇಲಕ್ಕೆದ್ದು ಮೊದಲನೆಯದರ ಉಂಗುರದೊಳಗೆ ನಿಲ್ಲುತ್ತದೆ. ಬೀಸುಕಲ್ಲಿನ ಗೂಟದ ಸುತ್ತ ಮೇಲ್ಗಲ್ಲು ತಿರುಗುವಂತೆ ಈ ಚಾಚಿಕೆಯ ಸುತ್ತ ತಲೆಯು ಎಡಬಲಗಳಿಗೆ ತಿರುಗುತ್ತದೆ. ಎರಡರಿಂದ ಏಳರವರೆಗಿನ ಕಶೇರುಗಳ ನಡುನಡುವೆ ಮೆತ್ತನೆಯ ಬಿಲ್ಲೆಗಳಿವೆ. ಏಳನೆಯದರ ಹಿಮ್ಮುಳ್ಳು ಉದ್ದವಾದುದು. ತಲೆ ಬಗ್ಗಿಸಿ ಕತ್ತಿನ ಬುಡವನ್ನು ಸವರಿದರೆ ಕೈಗೆ ಸಿಕ್ಕುವ ಉಬ್ಬು ಸಾಮಾನ್ಯವಾಗಿ ಇದರದು. ಕಶೇರುಗಳ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಇಕ್ಕೆಲಗಳ ರಂಧ್ರಗಳಿಂದ ಎಂಟು ಜೊತೆ ನರಗಳು ಹೊರಬೀಳುತ್ತವೆ. ಕೈಗಳ ಶಕ್ತಿಯೂ ಸ್ಪರ್ಶವೂ ಈ ನರಗಳನ್ನು ಅವಲಂಬಿಸಿವೆ. ಉಸಿರಾಟಕ್ಕೆ ಮುಖ್ಯವಾದ ವಪೆಯ ನರವೂ ಮೂರು, ನಾಲ್ಕು, ಐದನೆಯ ನರಮೂಲಗಳಿಂದ ಹುಟ್ಟುತ್ತದೆ. ಇಲ್ಲಿ ಒಂದು ಮೂಳೆ ಜಾರಿದರೆ ನಷ್ಟವಾಗುವುದು ಮೂಳೆಯೊಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಏಳು ಕಶೇರುಗಳನ್ನು ಒಂದೇ ನೋಟದಲ್ಲಿ ಪೂರ್ಣವಾಗಿ ಕಾಣಲು ಸಾಧ್ಯವಿಲ್ಲ. ಮುಂದಿನಿಂದ ನೋಡಿದರೆ ಮೇಲಿನ ಎರಡನ್ನು ದವಡೆಯೂ ಹಲ್ಲುಗಳೂ ಮರೆಮಾಡುತ್ತವೆ. ಪಕ್ಕದಿಂದ ನೋಡಿದರೆ ಕೆಳಗಿನದನ್ನು ಭುಜಗಳು ಮರೆಮಾಡುತ್ತವೆ. ಆದುದರಿಂದಲೇ ಪಾರ್ಶ್ವನೋಟ, ಮುನ್ನೋಟ, ಬಾಯ್ದೆರೆದ ನೋಟ ಎಂಬ ಮೂರು ಚಿತ್ರಗಳು ರೂಢಿಯಲ್ಲಿವೆ. ಅಗತ್ಯವಿದ್ದಲ್ಲಿ ಓರೆನೋಟಗಳನ್ನು ಸೇರಿಸಿಕೊಳ್ಳುತ್ತಾರೆ. 1939ರಲ್ಲಿ ಕ್ಯಾಥ್ಲೀನ್ ಕ್ಲಾರ್ಕ್ ಎಂಬ ಆಂಗ್ಲ ಮಹಿಳೆಯು ಇಂಥ ಭಂಗಿಗಳನ್ನೆಲ್ಲ ಕ್ರಮಬದ್ಧವಾಗಿ ನಿರೂಪಿಸಿ ಪ್ರಕಟಿಸಿದ ಗ್ರಂಥವು ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಕೈಪಿಡಿಯಾಗಿದೆ.

ಪಾರ್ಶ್ವನೋಟ: ದೂರದ ಗಣಿತ

ಮೂರರಲ್ಲಿ ಪಾರ್ಶ್ವನೋಟವೇ ಮುಖ್ಯವಾದುದು. ರೋಗಿಯು ಫಲಕಕ್ಕೆ ಒಂದು ಪಕ್ಕವನ್ನು ತೋರಿ ನೆಟ್ಟಗೆ ನಿಲ್ಲಬೇಕು ಅಥವಾ ಕುಳಿತುಕೊಳ್ಳಬೇಕು. ಗದ್ದವನ್ನು ತುಸು ಮೇಲೆತ್ತಿದರೆ ದವಡೆಯ ನೆರಳು ಮೇಲಿನ ಕಶೇರುಗಳಿಂದ ಸರಿಯುತ್ತದೆ. ಮಧ್ಯಕಿರಣವನ್ನು ನೆಲಕ್ಕೆ ಸಮಾಂತರವಾಗಿ, ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ, ಎಂದರೆ ನಾಲ್ಕನೆಯ ಕಶೇರುವಿನ ನೇರಕ್ಕೆ, ಹಾಯಿಸಬೇಕು. ಫಲಕದ ಮೇಲಂಚು ಕಿವಿಯ ರಂಧ್ರಕ್ಕಿಂತ ಎರಡು ಮೂರು ಬೆರಳು ಮೇಲಿರಬೇಕು.

ಇಲ್ಲಿ ಯಂತ್ರದ ದೂರದ ಪ್ರಶ್ನೆ ಬರುತ್ತದೆ. ಇತರ ಅನೇಕ ಚಿತ್ರಗಳಿಗೆ ಕಿರಣಬಿಂದುವಿನಿಂದ ಫಲಕಕ್ಕೆ 100 ಸೆಂಟಿಮೀಟರು ದೂರವಿದ್ದರೆ ಸಾಕು. ಕುತ್ತಿಗೆಯ ಪಾರ್ಶ್ವನೋಟಕ್ಕೆ 180 ಸೆಂಟಿಮೀಟರು ಬೇಕೆನ್ನುತ್ತಾರೆ. ಭುಜವು ಅಡ್ಡವಾಗಿರುವುದರಿಂದ ಕುತ್ತಿಗೆಯನ್ನು ಫಲಕಕ್ಕೆ ಅಂಟಿಸಿ ನಿಲ್ಲಿಸಲು ಬರುವುದಿಲ್ಲ. ನಡುವೆ ಬಹಳಷ್ಟು ಅಂತರ ಉಳಿದೇ ಉಳಿಯುತ್ತದೆ. ಗೋಡೆಯಿಂದ ದೂರದಲ್ಲಿ ಕೈಯನ್ನಿಟ್ಟು ಹತ್ತಿರದಿಂದ ದೀಪ ಹಿಡಿದರೆ ನೆರಳು ಉಬ್ಬಿ ಅಂಚು ಮಸುಕಾಗುವುದನ್ನು ಎಲ್ಲರೂ ಕಂಡಿದ್ದೇವೆ. ದೀಪವನ್ನು ಹಿಂದಕ್ಕೆ ಸರಿಸಿದರೆ ನೆರಳು ಕೈಯ ಅಳತೆಗೆ ಇಳಿಯುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದಲ್ಲಿ ಇದೇ ತತ್ತ್ವದ ಬೇರೊಂದು ಮುಖವನ್ನು ಕಾಣಬಹುದು. ಸುಮಾರು 57 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ ನಿಂತು ತಲೆಯೆತ್ತಿದರೆ ಪಾದಗಳು ಅತಿ ದೊಡ್ಡವಾಗಿಯೂ ಮುಖವು ಚಿಕ್ಕದಾಗಿಯೂ ತೋರುತ್ತವೆ. ಹಿಂದೆ ಸರಿದಂತೆ ಅವಯವಗಳ ಪ್ರಮಾಣ ಸರಿಹೋಗುತ್ತದೆ. ಶಿಲ್ಪವು ಬದಲಾಗಲಿಲ್ಲ, ನೋಡುವ ಬಿಂದು ಬದಲಾಯಿತು. ಕ್ಷ-ಕಿರಣ ಚಿತ್ರದಲ್ಲಿ ನೋಡುವ ಕಣ್ಣಿನ ಸ್ಥಾನದಲ್ಲಿರುವುದು ಕಿರಣಬಿಂದು.

ಲೆಕ್ಕದಿಂದ ಇದನ್ನು ಪರೀಕ್ಷಿಸೋಣ. ಕುತ್ತಿಗೆಯ ನಡುರೇಖೆಯು ಫಲಕದಿಂದ 25 ಸೆಂಟಿಮೀಟರು ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಕಿರಣಬಿಂದುವಿನಿಂದ ಫಲಕದ ದೂರವನ್ನು ಕಿರಣಬಿಂದುವಿನಿಂದ ವಸ್ತುವಿನ ದೂರದಿಂದ ಭಾಗಿಸಿದರೆ ವರ್ಧನೆ ಸಿಕ್ಕುತ್ತದೆ. 100 ಸೆಂಟಿಮೀಟರಿನಲ್ಲಿ ಇದು 100 ಭಾಗಿಸು 75, ಎಂದರೆ 1.33, 180 ಸೆಂಟಿಮೀಟರಿನಲ್ಲಿ 180 ಭಾಗಿಸು 155, ಎಂದರೆ 1.16. ಮೊದಲ ಉಂಗುರಕ್ಕೂ ಹಲ್ಲಿನಂಥ ಚಾಚಿಕೆಗೂ ನಡುವಣ ಅಂತರವು ವಯಸ್ಕರಲ್ಲಿ 3 ಮಿಲಿಮೀಟರನ್ನು ಮೀರಬಾರದೆಂಬುದು ವೈದ್ಯರ ಗಣನೆ. ನಿಜವಾಗಿ 3 ಮಿಲಿಮೀಟರಿರುವ ಅಂತರವು ಹತ್ತಿರದ ಚಿತ್ರದಲ್ಲಿ 4 ಮಿಲಿಮೀಟರಾಗಿ ಕಾಣುತ್ತದೆ; ದೂರದ ಚಿತ್ರದಲ್ಲಿ 3.5 ಆಗುತ್ತದೆ. ಯಂತ್ರದ ದೂರವನ್ನು ಗಮನಿಸದೆ ಅಳತೆಗೋಲು ಹಿಡಿದವನು ಆರೋಗ್ಯವಂತನಲ್ಲಿಯೂ ಜಾರಿಕೆಯನ್ನು ಕಂಡಾನು.

ಅಂಚಿನ ಸ್ಫುಟತೆಯೂ ಹೀಗೆಯೇ. ಕಿರಣಬಿಂದುವು ವಾಸ್ತವವಾಗಿ ಬಿಂದುವಲ್ಲ. ಅದಕ್ಕೆ ಸ್ವಲ್ಪ ಅಗಲವುಂಟು. ಆ ಅಗಲವು 1 ಮಿಲಿಮೀಟರಾದರೆ ಅಂಚಿನ ಅರೆನೆರಳು 100 ಸೆಂಟಿಮೀಟರಿನಲ್ಲಿ 0.33 ಮಿಲಿಮೀಟರು, 180ರಲ್ಲಿ 0.16 ಮಿಲಿಮೀಟರು ಆಗುತ್ತದೆ. ಹೀಗಾಗಿ ದೂರವನ್ನು ಹೆಚ್ಚಿಸುವುದರ ಜೊತೆಗೆ ಯಂತ್ರದಲ್ಲಿರುವ ಚಿಕ್ಕ ಕಿರಣಬಿಂದುವನ್ನೇ ಬಳಸುವುದು ಒಳ್ಳೆಯದು.

ದೂರ ಹೆಚ್ಚಿದಂತೆ ಕಿರಣದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 100ರಿಂದ 180ಕ್ಕೆ ಹೋದಾಗ ಯಂತ್ರವು 3.24 ಪಾಲು ಹೆಚ್ಚು ದುಡಿಯಬೇಕಾಗುತ್ತದೆ. ರೋಗಿಗೆ ತಗಲುವ ಕಿರಣವೂ ಮೂರು ಪಾಲಾಯಿತೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹಾಗಲ್ಲ. ಫಲಕಕ್ಕೆ ತಲಪಬೇಕಾದ ಕಿರಣ ಎರಡು ಸಲವೂ ಒಂದೇ. ಕುತ್ತಿಗೆಯ ದಪ್ಪ 12 ಸೆಂಟಿಮೀಟರೆಂದಿಟ್ಟುಕೊಂಡರೆ, ಕಿರಣವು ಒಳಹೊಗುವ ಚರ್ಮವು ಫಲಕದಿಂದ 31 ಸೆಂಟಿಮೀಟರು ಮುಂದಿರುತ್ತದೆ. ದೂರ ಹೆಚ್ಚಿದಂತೆ ಚರ್ಮಕ್ಕೂ ಫಲಕಕ್ಕೂ ತೀವ್ರತೆಯಲ್ಲಿರುವ ವ್ಯತ್ಯಾಸ ಕುಗ್ಗುವುದರಿಂದ ಚರ್ಮಕ್ಕೆ ಬೀಳುವ ಪ್ರಮಾಣ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯೇ ಆಗುತ್ತದೆ. ಇದಲ್ಲದೆ ಕುತ್ತಿಗೆಗೂ ಫಲಕಕ್ಕೂ ನಡುವೆ ಉಳಿದ ಗಾಳಿಯ ಅಂತರವೂ ನಿಷ್ಪ್ರಯೋಜಕವಲ್ಲ. ದೇಹದಲ್ಲಿ ಚದರಿದ ಕಿರಣಗಳು ಓರೆಯಾಗಿ ಸಾಗಿ ಫಲಕದ ಹೊರಗೆ ಬೀಳುತ್ತವೆ. ಚದರಿಕೆಯನ್ನು ತಡೆಯುವ ಜಾಲರಿಯ ಕೆಲಸವನ್ನು ಗಾಳಿಯೇ ಮಾಡುವುದರಿಂದ ಸಾಮಾನ್ಯವಾಗಿ ಜಾಲರಿ ಬೇಕಾಗುವುದಿಲ್ಲ.

ಏಳನೆಯ ಕಶೇರು

ಪಾರ್ಶ್ವನೋಟದ ನಿಜವಾದ ಪರೀಕ್ಷೆಯಿರುವುದು ಅದರ ಕೆಳತುದಿಯಲ್ಲಿ. ಚಿತ್ರದಲ್ಲಿ ಮೊದಲ ಕಶೇರುವಿನಿಂದ ಏಳನೆಯದರವರೆಗೆ ಎಲ್ಲವೂ, ಅದರ ಕೆಳಗೆ ಎದೆಯ ಮೊದಲ ಕಶೇರುವಿನ ಮೇಲಂಚೂ ಕಾಣಬೇಕು. ಕುತ್ತಿಗೆಯು ಸಲೀಸಾಗಿ ಬಾಗುವ ಭಾಗ. ಎದೆಯ ಬೆನ್ನೆಲುಬು ಪಕ್ಕೆಲುಬುಗಳಿಂದ ಬಿಗಿಗೊಂಡ ಭಾಗ. ಎರಡೂ ಸೇರುವ ಎಡೆಯಲ್ಲಿ ಪೆಟ್ಟಿನ ಬಲವು ಕೇಂದ್ರೀಕೃತವಾಗುವುದು ಸಹಜ. ಭುಜಗಳ ದಟ್ಟ ನೆರಳು ಬೀಳುವುದೂ ಅಲ್ಲಿಯೇ. ಹೊಲಗೆಲಸದಲ್ಲಿ ಹುರಿಗೊಂಡ ಅಗಲ ಹೆಗಲುಗಳ ರೈತನಲ್ಲಿ ಐದನೆಯ ಅಥವಾ ಆರನೆಯ ಕಶೇರುವಿಗೇ ಚಿತ್ರ ಮುಗಿದುಬಿಡಬಹುದು.

ಆದುದರಿಂದ ಚಿತ್ರ ತೆಗೆಯುವವರು ಮೊದಲು ಕಶೇರುಗಳನ್ನು ಮೇಲಿನಿಂದ ಎಣಿಸಬೇಕು. ಎಣಿಕೆ ಏಳಕ್ಕೆ ಮುಟ್ಟದಿದ್ದರೆ ಭುಜಗಳನ್ನು ಇಳಿಸಲು ಉಪಾಯ ಹುಡುಕಬೇಕು. ಪೆಟ್ಟಿನ ಶಂಕೆಯಿಲ್ಲದ ರೋಗಿಗೆ ಎರಡು ಕೈಗಳಲ್ಲಿಯೂ 2ರಿಂದ 4 ಕಿಲೋಗ್ರಾಂ ತೂಕದ ಮರಳುಚೀಲಗಳನ್ನು ಕೊಡಬಹುದು. ಎರಡೂ ಸಮತೂಕದವಾಗಿರಬೇಕು, ಇಲ್ಲವಾದರೆ ಮೈ ಒಂದು ಕಡೆ ವಾಲುತ್ತದೆ. ಉಸಿರನ್ನು ಪೂರ್ತಿ ಹೊರಬಿಟ್ಟು ತಡೆಹಿಡಿಯುವಂತೆ ಹೇಳಬೇಕು. ಎದೆಯ ಚಿತ್ರಕ್ಕೆ ಉಸಿರು ಒಳಗೆಳೆದುಕೊಳ್ಳುವಂತೆ ಹೇಳುವ ಅಭ್ಯಾಸಬಲದಿಂದ ಇಲ್ಲಿಯೂ ಹಾಗೆಯೇ ಹೇಳಿದರೆ ಭುಜಗಳು ಮೇಲೇರಿ ಬೇಕಾದ ಮೂಳೆಯನ್ನೇ ಮುಚ್ಚುತ್ತವೆ.

ಇಷ್ಟಾದರೂ ಕಾಣದಿದ್ದಲ್ಲಿ ಟ್ವೈನಿಂಗ್ ಎಂಬ ಆಂಗ್ಲ ತಜ್ಞನ ಹೆಸರಿನಿಂದ ಕರೆಯಲ್ಪಡುವ ಭಂಗಿಯುಂಟು. ಈಜುವವನಂತೆ ಒಂದು ತೋಳನ್ನು ತಲೆಯ ಮೇಲಕ್ಕೆ ಚಾಚಿ, ಇನ್ನೊಂದನ್ನು ಕೆಳಕ್ಕೂ ತುಸು ಹಿಂದಕ್ಕೂ ಇಳಿಸಿದರೆ ಎರಡು ಭುಜಗಳ ನೆರಳುಗಳು ಒಂದು ಮೇಲೆ ಒಂದು ಕೆಳಗೆ ಸರಿದು ನಡುವಣ ಸಂಧಿ ತೆರೆದುಕೊಳ್ಳುತ್ತದೆ. ತೋಳೆತ್ತುವುದರಿಂದ ಕುತ್ತಿಗೆಯೂ ಕದಲುವುದಾದ್ದರಿಂದ ಪೆಟ್ಟು ಬಿದ್ದವರಲ್ಲಿ ವೈದ್ಯರ ಅನುಮತಿಯಿಲ್ಲದೆ ಇದನ್ನು ಪ್ರಯೋಗಿಸತಕ್ಕದ್ದಲ್ಲ.

ಮುನ್ನೋಟ, ಬಾಯ್ದೆರೆದ ನೋಟ, ಓರೆನೋಟ

ಮುನ್ನೋಟದಲ್ಲಿ ರೋಗಿಯ ಬೆನ್ನು ಫಲಕದ ಕಡೆಗಿರುತ್ತದೆ. ದೂರ 100 ಸೆಂಟಿಮೀಟರು ಸಾಕು. ಮೇಲ್ಹಲ್ಲುಗಳ ಅಂಚೂ ಕಿವಿಯ ಹಿಂದಿನ ಮೂಳೆಯುಬ್ಬಿನ ತುದಿಯೂ ಫಲಕಕ್ಕೆ ಲಂಬವಾದ ಒಂದೇ ಗೆರೆಯಲ್ಲಿ ಬರುವಂತೆ ಗದ್ದವನ್ನು ಎತ್ತಬೇಕು. ಆಗ ದವಡೆಯ ನೆರಳೂ ಬುರುಡೆಯ ಬುಡದ ನೆರಳೂ ಒಂದರ ಮೇಲೊಂದು ಬಿದ್ದು ಕಡಿಮೆ ಜಾಗವನ್ನು ಆಕ್ರಮಿಸುತ್ತವೆ. ಮಧ್ಯಕಿರಣವನ್ನು ತಲೆಯ ಕಡೆಗೆ 15ರಿಂದ 20 ಡಿಗ್ರಿ ಓರೆಯಾಗಿಸಿ ಗಂಟಲಮಣಿಯ ಕೆಳಭಾಗಕ್ಕೆ ಹಾಯಿಸಬೇಕು. ಈ ಓರೆಗೆ ಕಾರಣವುಂಟು. ಕುತ್ತಿಗೆಯ ಕಶೇರುಗಳ ನಡುವಣ ಎಡೆಗಳು ಹಿಂದಿನಿಂದ ಮುಂದಕ್ಕೆ ಬರುತ್ತ ಇಳಿಜಾರಾಗಿರುತ್ತವೆ. ಸೂರಿನ ಹಂಚುಗಳ ಸಂದಿನಲ್ಲಿ ನೋಡಬೇಕಾದರೆ ಹಂಚಿನ ಇಳಿಜಾರಿಗೆ ಕಣ್ಣನ್ನು ಹೊಂದಿಸಬೇಕಾಗುವಂತೆ, ಕಿರಣವೂ ಆ ಇಳಿಜಾರನ್ನೇ ಅನುಸರಿಸಬೇಕು. ನೇರಕ್ಕೆ ಹಾಯಿಸಿದರೆ ಒಂದರ ಅಂಚು ಇನ್ನೊಂದರ ಮೇಲೆ ಬಿದ್ದು, ಇರುವ ಎಡೆಯೂ ಮುಚ್ಚಿದಂತೆ ಕಾಣುತ್ತದೆ. ಹಿಮ್ಮುಳ್ಳುಗಳು ನಡುಗೆರೆಯಲ್ಲಿ ನಿಂತಿದ್ದರೆ ದೇಹ ತಿರುಗಿಲ್ಲವೆಂದು ತಿಳಿಯಬಹುದು.

ಮುನ್ನೋಟದಲ್ಲಿ ಸಾಧಾರಣವಾಗಿ ಮೂರನೆಯ ಕಶೇರುವಿನಿಂದ ಕೆಳಗೆ ಮಾತ್ರ ಕಾಣುತ್ತದೆ. ಮೇಲಿನ ಎರಡಕ್ಕೆ ಬಾಯಿಯೇ ಕಿಟಕಿ. ರೋಗಿಯು ಬಾಯನ್ನು ಸಾಧ್ಯವಾದಷ್ಟು ಅಗಲವಾಗಿ ತೆರೆದು, ಮೇಲ್ಹಲ್ಲುಗಳ ಅಂಚೂ ಬುರುಡೆಯ ಬುಡವೂ ಒಂದೇ ನೇರಕ್ಕೆ ಬರುವಂತೆ ತಲೆಯನ್ನು ಹೊಂದಿಸಿಕೊಳ್ಳಬೇಕು. ಕಿರಣವು ತೆರೆದ ಬಾಯಿಯ ನಡುವೆ ಹಾಯಬೇಕು. ಕಟ್ಟಿಸಿದ ಹಲ್ಲುಗಳಿದ್ದರೆ ಮೊದಲೇ ತೆಗೆದಿಡಬೇಕು. ಚಿತ್ರದಲ್ಲಿ ಹಲ್ಲುಗಳು ಚಾಚಿಕೆಯನ್ನು ಮುಚ್ಚಿದ್ದರೆ ಗದ್ದವನ್ನು ಇನ್ನಷ್ಟು ಎತ್ತಬೇಕು. ಬುರುಡೆಯ ಬುಡವು ಮುಚ್ಚಿದ್ದರೆ ಇಳಿಸಬೇಕು. ಈ ಎರಡು ನಿಯಮಗಳು ನೆನಪಿನಲ್ಲಿದ್ದರೆ ಊಹೆಯ ಮೇಲೆ ಮತ್ತೆ ಮತ್ತೆ ಕಿರಣ ಹಾಯಿಸುವ ಪ್ರಮೇಯವಿರುವುದಿಲ್ಲ. ನಾಲಗೆ ಅಡ್ಡ ಬರದಂತೆ ಮಾಡಲು ವರ್ಣಮಾಲೆಯ ಎರಡನೆಯ ಅಕ್ಷರವೇ ಉಪಾಯ. ‘ಆ’ ಎಂದು ಮೆಲ್ಲಗೆ ದೀರ್ಘವಾಗಿ ಉಚ್ಚರಿಸುವಾಗ ನಾಲಗೆಯು ಬಾಯಿಯ ತಳಕ್ಕೆ ಒರಗಿಕೊಳ್ಳುತ್ತದೆ. ಓದುಬಾರದವರಿಗೂ ಇದು ಒಂದೇ ಮಾತಿಗೆ ತಿಳಿಯುತ್ತದೆ.

ಕೈಗೆ ಇಳಿಯುವ ನೋವು ಮತ್ತು ಜೋಮು ಇರುವವರಲ್ಲಿ ನರಗಳು ಹೊರಬೀಳುವ ರಂಧ್ರಗಳನ್ನು ನೋಡಬೇಕಾಗಬಹುದು. ಅವು ನೇರ ಮುಂದಕ್ಕೂ ನೇರ ಪಕ್ಕಕ್ಕೂ ತೆರೆಯದೆ 45 ಡಿಗ್ರಿ ಓರೆಯಾಗಿಯೂ ಸುಮಾರು 15 ಡಿಗ್ರಿ ಕೆಳಮುಖವಾಗಿಯೂ ತೆರೆಯುತ್ತವೆ. ಅದಕ್ಕೆ ತಕ್ಕಂತೆ ರೋಗಿಯ ಇಡೀ ದೇಹವನ್ನು 45 ಡಿಗ್ರಿ ತಿರುಗಿಸಿ ಕಿರಣವನ್ನೂ ಓರೆಯಾಗಿಸಬೇಕು. ಎದೆಯು ಫಲಕದ ಕಡೆಗಿದ್ದರೆ ಫಲಕಕ್ಕೆ ಹತ್ತಿರದ ಪಕ್ಕದ ರಂಧ್ರಗಳು ಕಾಣುತ್ತವೆ, ಕಿರಣ ಕೆಳಮುಖ. ಬೆನ್ನು ಫಲಕದ ಕಡೆಗಿದ್ದರೆ ದೂರದ ಪಕ್ಕದವು ಕಾಣುತ್ತವೆ, ಕಿರಣ ಮೇಲ್ಮುಖ. ಎಡಬಲಗಳ ಗೊಂದಲ ಸುಲಭವಾಗಿ ಆಗುವ ಜಾಗವಿದು. ಎಡಬಲಗಳ ಸೀಸದ ಗುರುತನ್ನು ಚಿತ್ರ ತೆಗೆಯುವಾಗಲೇ ಫಲಕದ ಮೇಲಿಡತಕ್ಕದ್ದು. ತರುವಾಯ ನೆನಪಿನಿಂದ ಬರೆಯಬಾರದು.

ಪೆಟ್ಟು ಬಿದ್ದ ರೋಗಿ

ಈವರೆಗೆ ಹೇಳಿದ ಭಂಗಿಗಳೆಲ್ಲ ತಾನಾಗಿ ನಡೆದುಬಂದ ರೋಗಿಗೆ ಸಲ್ಲುತ್ತವೆ. ಮರದಿಂದ ಬಿದ್ದವನಿಗೂ ರಸ್ತೆಯ ಅಪಘಾತಕ್ಕೆ ಸಿಕ್ಕಿದವನಿಗೂ ಕ್ರಮ ಬೇರೆ. ಅಲ್ಲಿ ರೋಗಿಯನ್ನು ಯಂತ್ರಕ್ಕೆ ಹೊಂದಿಸಬಾರದು, ಯಂತ್ರವನ್ನು ರೋಗಿಗೆ ಹೊಂದಿಸಬೇಕು. ಅವನು ಮಲಗಿದ ಹಲಗೆಯ ಮೇಲೆ, ಕುತ್ತಿಗೆಗೆ ಕಟ್ಟಿದ ಪಟ್ಟಿಯನ್ನು ಬಿಚ್ಚದೆ, ತಲೆಯನ್ನು ಎತ್ತದೆ ತಿರುಗಿಸದೆ, ಫಲಕವನ್ನು ಭುಜದ ಪಕ್ಕದಲ್ಲಿ ನಿಲ್ಲಿಸಿ, ಕಿರಣವನ್ನು ನೆಲಕ್ಕೆ ಸಮಾಂತರವಾಗಿ ಹಾಯಿಸಿ ಪಾರ್ಶ್ವನೋಟವನ್ನು ಮೊದಲು ತೆಗೆಯಬೇಕು. ಅದನ್ನು ವೈದ್ಯರು ನೋಡಿ ಒಪ್ಪಿಗೆ ಕೊಡುವವರೆಗೆ ಎರಡನೆಯ ಭಂಗಿಯ ಮಾತೆತ್ತಬಾರದು. ಭುಜಗಳನ್ನು ಇಳಿಸಲು ತೋಳುಗಳನ್ನು ಎಳೆಯಬೇಕಾದರೂ ವೈದ್ಯರ ಸಮ್ಮುಖದಲ್ಲಿ, ಅವರ ಸೂಚನೆಯಂತೆ, ನಿಧಾನವಾಗಿ ಎಳೆಯಬೇಕು. ಕುತ್ತಿಗೆಯನ್ನು ಬಾಗಿಸಿ ಚಾಚಿಸಿ ತೆಗೆಯುವ ಚಿತ್ರಗಳು ಮುರಿತವಿಲ್ಲವೆಂದು ಖಚಿತವಾದ ಮೇಲಿನ ಮಾತು. ಆಗಲೂ ರೋಗಿಯೇ ತನ್ನಷ್ಟಕ್ಕೆ ತಾನು ಬಾಗಿಸಬೇಕೇ ಹೊರತು ಇನ್ನೊಬ್ಬರ ಕೈ ತಲೆಯನ್ನು ಒತ್ತಬಾರದು.

ಪೆಟ್ಟು ಬಿದ್ದವರಿಗೆಲ್ಲ ಚಿತ್ರ ಬೇಕೆಂದೂ ಇಲ್ಲ. ನೆಕ್ಸಸ್ ಎಂಬ ಹೆಸರಿನಿಂದ ಅಮೆರಿಕದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನವು 34,069 ರೋಗಿಗಳನ್ನು ಪರಿಶೀಲಿಸಿತು. ಕುತ್ತಿಗೆಯ ಹಿಂಬದಿಯ ನಡುಗೆರೆಯಲ್ಲಿ ಒತ್ತಿದರೆ ನೋವಿಲ್ಲದೆ, ಅಮಲಿಲ್ಲದೆ, ಪೂರ್ಣ ಎಚ್ಚರವಿದ್ದು, ನರದೌರ್ಬಲ್ಯದ ಚಿಹ್ನೆಯಿಲ್ಲದೆ, ಗಮನವನ್ನು ಬೇರೆಡೆಗೆ ಸೆಳೆಯುವಂಥ ಯಾತನೆಯ ಗಾಯವೂ ಇಲ್ಲದೆ ಇದ್ದವರಲ್ಲಿ ಮುಖ್ಯ ಮುರಿತವಿರುವುದು ಅತಿ ವಿರಳವೆಂದು ಅದು ತೋರಿಸಿತು. ಗಾಯವಿದ್ದ 818 ಮಂದಿಯಲ್ಲಿ ಈ ಐದು ಪ್ರಶ್ನೆಗಳ ಪರೀಕ್ಷೆಗೆ ಸಿಕ್ಕದೆ ಹೋದವರು ಎಂಟೇ ಮಂದಿ. ಇನ್ನೊಂದು ಕಡೆ, ತೀವ್ರ ಪೆಟ್ಟಿನ ವಯಸ್ಕರಲ್ಲಿ ಈಗ ಸಿ.ಟಿ. ಚಿತ್ರಣವನ್ನೇ ಮೊದಲು ಆರಿಸಿಕೊಳ್ಳುತ್ತಾರೆ. 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಮೇಲೆ ಪ್ರಯೋಗಿಸಲ್ಪಟ್ಟ ಈ ವಿಧಾನವು ದೇಹವನ್ನು ಅಡ್ಡ ಪದರಗಳಾಗಿ ತೋರಿಸುವುದರಿಂದ ಭುಜದ ಅಡ್ಡಿಯು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹಾಗೆಂದು ಸಾದಾ ಚಿತ್ರದ ಮಹತ್ವ ಅಳಿದಿಲ್ಲ. ಸಿ.ಟಿ. ಯಂತ್ರವು ಹತ್ತಿರವಿಲ್ಲದೆಡೆಯಲ್ಲಿ ರೋಗಿಯನ್ನು ಹೇಗೆ ಸಾಗಿಸಬೇಕೆಂಬ ನಿರ್ಧಾರಕ್ಕೆ ನೆರವಾಗುವುದು ಈ ಮೊದಲ ಪಾರ್ಶ್ವನೋಟವೇ. ಶಂಕೆ ಉಳಿದಿದ್ದರೆ, ಚಿತ್ರವು ನಿರ್ದುಷ್ಟವಾಗಿ ಕಂಡರೂ ಕುತ್ತಿಗೆಯ ಪಟ್ಟಿಯನ್ನು ಬಿಚ್ಚದೆಯೇ ಕಳುಹಿಸಬೇಕು.

ರೋಗಿಯ ಸಿದ್ಧತೆ ಮತ್ತು ಮಾತು

ಲೋಹವು ಕ್ಷ-ಕಿರಣವನ್ನು ತಡೆಯುತ್ತದೆ. ಓಲೆ, ಜುಮುಕಿ, ಮೂಗುತಿ, ಸರ, ಜಡೆಯ ಪಿನ್ನು ಇವುಗಳ ನೆರಳು ಮೂಳೆಯ ಮೇಲೆ ಬಿದ್ದು ಮುರಿತವನ್ನು ಮುಚ್ಚಬಹುದು. ದಟ್ಟವಾಗಿ ಹೆಣೆದ ಜಡೆಯೂ ಗೆರೆಗೆರೆಯಾದ ನೆರಳನ್ನು ಬೀಳಿಸುವುದರಿಂದ ಅದನ್ನು ಮೇಲಕ್ಕೆ ಕಟ್ಟಬೇಕು. ಪೆಟ್ಟು ಬಿದ್ದವರಲ್ಲಿ ಮಾತ್ರ ಇವನ್ನು ತೆಗೆಯುವ ನೆಪದಲ್ಲಿ ಕುತ್ತಿಗೆಯನ್ನು ಕದಲಿಸಬಾರದು. ತಾಳಿಯ ವಿಷಯದಲ್ಲಿ ವಿಶೇಷ ವಿವೇಚನೆ ಬೇಕು. ಅದನ್ನು ಬಿಚ್ಚೆಂದು ಗದರಿಸುವುದು ಸಲ್ಲದು. ಹತ್ತಿಯ ದಾರವು ಕಿರಣವನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲವಾದ್ದರಿಂದ ಅರಿಶಿನದ ದಾರದ ತಾಳಿಯಾದರೆ ಬೊಟ್ಟುಗಳನ್ನು ಎದೆಯ ಕೆಳಕ್ಕೆ ಸರಿಸಿದರೆ ಸಾಕು. ಚಿನ್ನದ ಸರವಾದರೆ ಕಾರಣವನ್ನು ತಿಳಿಸಿ, ಆಕೆಯ ಕೈಗೋ ಮನೆಯವರ ಕೈಗೋ ಕೊಡಿಸಿ, ಚಿತ್ರವಾದೊಡನೆ ಧರಿಸಲು ಅವಕಾಶ ಮಾಡಿಕೊಡಬೇಕು.

ಭಂಗಿಯನ್ನು ಮಾತಿನಿಂದ ಸಾಧಿಸಬೇಕಾಗುತ್ತದೆ. ಉಸಿರು ಬಿಡು, ಅಲುಗಬೇಡ ಎಂದು ಗೋಡೆಯಾಚೆಯಿಂದ ಕೂಗಿದರೆ ಬೆದರಿದ ರೋಗಿಯ ಭುಜಗಳು ತಾವಾಗಿಯೇ ಮೇಲೇರುತ್ತವೆ. ಮೊದಲೇ ಹತ್ತಿರ ನಿಂತು, ಏನು ಮಾಡಲಿದ್ದೇವೆ, ನೋವಾಗುವುದಿಲ್ಲ, ಎಷ್ಟು ಹೊತ್ತು ಎಂದು ತಿಳಿಸಿ, ಒಂದು ಸಲ ಅಭ್ಯಾಸ ಮಾಡಿಸಿದರೆ ಭುಜಗಳು ಸಡಿಲಗೊಳ್ಳುತ್ತವೆ. ಇದು ಸೌಜನ್ಯವೂ ಹೌದು, ತಂತ್ರವೂ ಹೌದು.

ಕಿರಣದ ಹೊಣೆ

ಕುತ್ತಿಗೆಯ ಒಂದು ಪರೀಕ್ಷೆಯಿಂದ ದೇಹಕ್ಕೆ ಸಲ್ಲುವ ಪರಿಣಾಮೀ ಪ್ರಮಾಣ ಸುಮಾರು 0.2 ಮಿಲಿಸೀವರ್ಟ್. ನಿಸರ್ಗದಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಲ್ಲುತ್ತದೆಂಬುದು ಜಾಗತಿಕ ಗಣನೆ. ಅಗತ್ಯವಿರುವ ಚಿತ್ರಕ್ಕೆ ಅಂಜಬೇಕಾದ ಕಾರಣವಿಲ್ಲವೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ. ಆದರೆ ಕಿರಣಕ್ಕೆ ಸೂಕ್ಷ್ಮವಾದ ಥೈರಾಯಿಡ್ ಗ್ರಂಥಿಯು ನೇರ ಕಿರಣದ ಹಾದಿಯಲ್ಲಿಯೇ ಇರುವುದರಿಂದ ಅನಗತ್ಯವಾದ ಒಂದು ಚಿತ್ರವೂ ಹೆಚ್ಚೇ. ಕಿರಣದ ಕಿಂಡಿಯನ್ನು ಕುತ್ತಿಗೆಯಷ್ಟಕ್ಕೆ ಕಿರಿದುಗೊಳಿಸುವುದು ಅತ್ಯುತ್ತಮ ರಕ್ಷಣೆ. ಇದರಿಂದ ಚದರಿಕೆ ಕಡಿಮೆಯಾಗಿ ಚಿತ್ರವೂ ತಿಳಿಯಾಗುತ್ತದೆ. ಗರ್ಭಿಣಿಯೇ ಎಂದು ಕೇಳುವುದು ಕರ್ತವ್ಯ. ಕುತ್ತಿಗೆಯ ಚಿತ್ರದಿಂದ ಗರ್ಭಕ್ಕೆ ತಲಪುವ ಕಿರಣ ಅತ್ಯಲ್ಪವಾದ್ದರಿಂದ ಅಗತ್ಯವಿದ್ದಾಗ ನಿರಾಕರಿಸಬೇಕಾಗಿಲ್ಲ. ಇಂಥ ಕೆಲಸದ ಮೇಲ್ವಿಚಾರಣೆಗಾಗಿ ನಮ್ಮ ದೇಶದಲ್ಲಿ 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಸ್ಥಾಪಿತವಾಯಿತು.

ಅಂಕೀಯ ಫಲಕಗಳ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ಕಪ್ಪುಬಿಳುಪುಗಳನ್ನು ಪರದೆಯ ಮೇಲೆ ತಿದ್ದಬಹುದಾದ್ದರಿಂದ ಭಂಗಿಯ ದೋಷವನ್ನೂ ತಿದ್ದಬಹುದೆಂಬ ಭ್ರಮೆ ಹುಟ್ಟುತ್ತದೆ. ಭುಜದ ಹಿಂದೆ ಫಲಕವನ್ನೇ ತಲಪದ ಕಿರಣವನ್ನು ಯಾವ ಗಣಕವೂ ತಂದುಕೊಡಲಾರದು. ಚೌಕಟ್ಟಿನ ಹೊರಗೆ ಉಳಿದ ಕಶೇರುವು ಅಲ್ಲಿಯೂ ಹೊರಗೇ ಉಳಿಯುತ್ತದೆ.

ಉಪಸಂಹಾರ

ಚಿತ್ರವನ್ನು ವೈದ್ಯರ ಕೈಗೆ ಕೊಡುವ ಮುನ್ನ ಕೇಳಿಕೊಳ್ಳತಕ್ಕ ಪ್ರಶ್ನೆಗಳು ಕೆಲವೇ. ಏಳು ಕಶೇರುಗಳೂ ಎಣಿಕೆಗೆ ಸಿಕ್ಕಿದವೇ? ಎದೆಯ ಮೊದಲ ಕಶೇರುವಿನ ಮೇಲಂಚು ಕಂಡಿತೇ? ಎಡಬಲಗಳ ಗುರುತಿದೆಯೇ? ದೂರ ಎಷ್ಟು ಇಟ್ಟಿತ್ತು? ಹಲ್ಲಿನಂಥ ಚಾಚಿಕೆಯು ಪೂರ್ಣವಾಗಿ ತೋರಿತೇ? ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದು, ರೋಗಿಯ ಸ್ಥಿತಿಯಿಂದಾಗಿ ಮತ್ತೆ ಚಿತ್ರ ತೆಗೆಯಲು ಸಾಧ್ಯವಾಗದಿದ್ದರೆ, ಅದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ‘ಏಳನೆಯ ಕಶೇರು ಕಾಣಿಸಿಲ್ಲ’ ಎಂಬ ಮೂರೇ ಮಾತುಗಳು ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಹೊರಟ ರೋಗಿಯೊಡನೆ ಹಾಸನವನ್ನು ತಲಪಿದರೆ, ಅಲ್ಲಿ ನೋಡುವವರು ಆ ಮೂಳೆಯನ್ನೇ ಮೊದಲು ಹುಡುಕುತ್ತಾರೆ. ಆ ಮಾತುಗಳಿಲ್ಲದೆ ಹೋದ ಚಿತ್ರವು, ಎಷ್ಟೇ ತಿಳಿಯಾಗಿದ್ದರೂ, ತಾನು ತೋರದಿದ್ದುದರ ಬಗೆಗೆ ಸುಳ್ಳು ಧೈರ್ಯವನ್ನು ಕೊಡುತ್ತದೆ.

ಭೌತವಿಜ್ಞಾನದ ತರಗತಿಯಲ್ಲಿ ಸಮರೂಪ ತ್ರಿಕೋನಗಳನ್ನೂ ವಿಲೋಮವರ್ಗ ನಿಯಮವನ್ನೂ ಬೋಧಿಸುವ ಅಧ್ಯಾಪಕರು ಈ ನಿದರ್ಶನವನ್ನು ವಿದ್ಯಾರ್ಥಿಗಳ ಮುಂದಿಡಬಹುದು. ಒಂದು ದೀಪ, ಒಂದು ಗೋಡೆ, ಒಂದು ಅಳತೆಪಟ್ಟಿ ಇದ್ದರೆ ಇಲ್ಲಿ ಹೇಳಿದ ವರ್ಧನೆಯ ಲೆಕ್ಕಗಳನ್ನು ಅವರೇ ಪರೀಕ್ಷಿಸಿ ನೋಡಬಹುದು. ಅವರಲ್ಲಿ ಕೆಲವರು ಮುಂದೆ ಕ್ಷ-ಕಿರಣ ಕೊಠಡಿಗಳಲ್ಲಿ ಕೆಲಸ ಮಾಡುವವರಾದರೆ, 180 ಎಂಬ ಅಂಕಿಯು ಬಾಯಿಪಾಠದ ನಿಯಮವಾಗಿರದೆ ಕಾರಣಸಹಿತವಾದ ತಿಳುವಳಿಕೆಯಾಗಿ ಅವರೊಡನೆ ಇರುತ್ತದೆ.